ರೊಟ್ಟಿ ಬಡಿಯೋದು ಅನಿಮೇಟ್ ಮಾಡಾಕ ಹೋಗಿ

"ಇವ್ರು ರೊಟ್ಟಿ ತಟ್ತಾ ಇಲ್ಲ ಕಣಪ್ಪ, ಮಗು ಮಲಗಿಸ್ತಾ ಇದಾರೆ."

ಮೂರನೇ ಸೆಮಿಸ್ಟರ್ ಕಡೀ ರಿವ್ಯೂದಾಗ ಗೈಡ್ ಸರ್ ಇಷ್ಟ ಅಂದ್ರು. ಇಡೀ ಲ್ಯಾಬ್ ನಕ್ಕಿತು, ನಾನೂ ನಕ್ಕೆ, ಬ್ಯಾರೆ ಏನ್ ಮಾಡಾಕ್ ಬರ್ತೈತಿ ಹೇಳ್ರಿ. 11 ಸೆಕೆಂಡಿನ ಶಾಟ್, ಅಂದ್ರ ಸೆಕೆಂಡಿಗೆ 24ರ ಲೆಕ್ಕದಾಗ 264 ಫ್ರೇಮ್, ಎರಡ್ ವಾರ ನಿದ್ದಿ ಬಿಟ್ಟು ಮಾಡಿದ್ದು. ಮಾಡೆಲ್ ಚಂದಿತ್ತು, ಲೈಟಿಂಗ್ ಚಂದಿತ್ತು, ಒಲಿ ಬೆಳಕು ಮಾರಿ ಮ್ಯಾಲ ಬೀಳೋದು ನೋಡಿ ಬಾಜೂಕ ಕುಂತ ಹುಡುಗಿ ವಾವ್ ಅಂದಿದ್ಲು. ಆದ್ರ ಕೈ ನೋಡಿದ್ರ ಸರ್ ಹೇಳಿದ್ದು ಖರೇನ. ಅಂಗೈ ಮೆತ್ತಗ ಬಂದು ರೊಟ್ಟಿ ಮ್ಯಾಲ ಕುಂಡ್ರತಿತ್ತು, ಮೆತ್ತಗ ಎದ್ದು ಹೋಗತಿತ್ತು. ಜೋಗುಳ ಒಂದ್ ಹಚ್ಚಿಬಿಟ್ಟಿದ್ರ ಮುಗೀತು.

ಬೆಂಗಳೂರಾಗ ಡಿಜಿಟಲ್ ಫಿಲ್ಮ್‌ಮೇಕಿಂಗ್ ಮತ್ತ ಅನಿಮೇಶನ್‌ದಾಗ ಮಾಸ್ಟರ್ಸ್ ಮಾಡಾಕತ್ತೇನಿ, ಎರಡ್ ವರ್ಷದ್ದು. ಬೆಟಗೇರಿಯೊಳಗ ನಮ್ಮ ಓಣ್ಯಾಗ ಇದನ್ನ ತಿಳಿಸಿ ಹೇಳೋದು ಕೋರ್ಸ್ ಮುಗಿಸೋದಕ್ಕಿಂತ ಕಷ್ಟ. ಬಾಜೂ ಮನಿ ಕಾಕಾ ಪ್ರತಿ ಸಲಾ ಕೇಳ್ತಾರ, "ಡಿಗ್ರಿ ಮುಗಿಸಿ ಮತ್ತ ಎರಡ್ ವರ್ಷ ಚಿತ್ರಾ ತಗಿಯೋದೇನಪಾ?" ನಾನೂ ಪ್ರತಿ ಸಲಾ ಹೂಂ ಕಾಕಾ ಅಂತೇನಿ. ಅವ್ವ ಮಾತ್ರ ಏನೂ ಕೇಳೂದಿಲ್ಲ. ಅಕಿ ಮನ್ಯಾಗ ರೊಟ್ಟಿ ಮಾಡಿ ಖಾನಾವಳಿಗೆ ಕೊಡ್ತಾಳ, ದಿನಾ 120, ಕೆಲವೊಮ್ಮೆ 150. ನನ್ನ ಫೀಸಿನಾಗ ಅರ್ಧ ಆ ಬುಟ್ಟಿಯೊಳಗಿಂದನ ಬಂದದ್ದು. ಕೋರ್ಸ್ ಮುಗಿಯೋವಾಗ ಎಲ್ಲಾರೂ ಒಂದೊಂದು ಸಣ್ಣ ಫಿಲ್ಮ್ ಮಾಡಬೇಕು, ನಾನು ನಾಲ್ಕ್ ನಿಮಿಷದ್ದು ತಗೊಂಡಿದ್ದೆ, ನಸುಕಿನಾಗ ಎದ್ದು ರೊಟ್ಟಿ ಮಾಡೋ ಒಬ್ಬಾಕಿ ಹೆಣ್ಮಗಳ ಕಥಿ. ಯಾರ ಕಥಿ ಅಂತ ಕ್ಲಾಸಿನಾಗ ಹೇಳಿರಲಿಲ್ಲ, ಅವ್ವಗೂ ಹೇಳಿರಲಿಲ್ಲ.

ತಪ್ಪಾಗಿದ್ದು ಎಲ್ಲಿ ಅಂದ್ರ, ತ್ರೀಡಿ ಸಾಫ್ಟ್‌ವೇರ್‌ದಾಗ ಕೈ ಮ್ಯಾಲಿದ್ದ ಪೋಸ್ ಒಂದು, ಕೆಳಗಿದ್ದ ಪೋಸ್ ಒಂದು, ಎರಡಕ್ಕೂ ಕೀ ಹಾಕಿದ್ರ, ಅಂದ್ರ ಯಾವ ಫ್ರೇಮಿಗೆ ಯಾವ ಪೋಸ್ ಅಂತ ಗುರುತು ಇಟ್ರ, ನಡುವಿನ ಫ್ರೇಮ್ ಅದ ತುಂಬಕೋತೈತಿ. ಆದ್ರ ಅದು ತಾನಾಗಿ ತುಂಬೋವಾಗ ಎರಡೂ ತುದಿಗೆ ಗೆರಿ ನುಣುಪು ಮಾಡ್ತೈತಿ, ನಿಧಾನ ಹೊರಡೋದು ನಿಧಾನ ಹೋಗಿ ನಿಲ್ಲೋದು. ಜೋಕಾಲಿಗೆ ಅದು ಸರಿ. ಬಡಿಯೋ ಕೈಗೆ ಅಲ್ಲ. ಇದೇನ್ ನನಗ ಗೊತ್ತಿರಲಿಲ್ಲ ಅಂತಲ್ಲ, ಡಿಸ್ನಿಯವರ 12 ಅನಿಮೇಶನ್ ತತ್ವ ಅಂತ ಪೇಪರ್‌ದಾಗ ಸ್ಲೋ ಇನ್ ಸ್ಲೋ ಔಟ್ ಮ್ಯಾಲ ಒಂದೂವರಿ ಪೇಜ್ ಬರದೇನಿ. ಆದ್ರ ರೊಟ್ಟಿ ಬಡಿಯೋ ಕೈ ಎಲ್ಲಿ ನಿಧಾನ ಆಗ್ತೈತಿ ಎಲ್ಲಿ ಆಗೂದಿಲ್ಲ ಅಂತ ಕೇಳಿದ್ರ ಉತ್ತರ ಇರಲಿಲ್ಲ, 23 ವರ್ಷ ಎರಡೂ ಹೊತ್ತು ಅದನ್ನ ತಿಂದು ಬೆಳದಾವ ನಾನು.

ಸಲೀಸಾದ ದಾರಿ ಒಂದಿತ್ತು. ವಿಡಿಯೋ ಹಿಡದು ಅದರ ಮ್ಯಾಲ ಫ್ರೇಮಿಗೊಂದು ಗೆರಿ ಎಳಕೊಂಡು ಹೋಗೋದು, ರೋಟೋಸ್ಕೋಪ್ ಅಂತಾರ, ಮ್ಯಾಕ್ಸ್ ಫ್ಲೈಶರ್ 1917ರಾಗ ಪೇಟೆಂಟ್ ಪಡದ ಹಳೇ ವಿದ್ಯೆ. ಸರ್ ಮೊದಲ ಹೇಳಿಬಿಟ್ರು, ರೆಫರೆನ್ಸ್ ಎಷ್ಟ್ ಬೇಕಾದ್ರೂ ನೋಡು, ಮೇಲೆ ಗೆರೆ ಎಳದ್ರೆ ವಾಪಸ್ ಕಳಿಸ್ತೀನಿ ಅಂತ. ಸರಿ ಅಂತ ಶುಕ್ರವಾರ ರಾತ್ರಿ ಟ್ರೇನ್ ಹತ್ತಿ ನಸುಕಿನಾಗ ಗದಗ ಸ್ಟೇಶನ್‌ದಾಗ ಇಳದೆ.

ಮನಿಗೆ ಹೋಗೋದ್ರಾಗ ಅವ್ವ ಎಸರು ಇಟ್ಟಾಗಿತ್ತು. ಜ್ವಾಳದ ಹಿಟ್ಟಿಗೆ ಗೋಧಿ ಹಂಗ ಅಂಟು ಇರೂದಿಲ್ಲ, ಕುದಿಯೋ ನೀರು ಬಿದ್ರ ಮಾತ್ರ ಜಿಗಿ ಬರ್ತೈತಿ, ತಣ್ಣೀರ ಹಾಕಿ ನಾದಿದ್ರ ಬಡಿಯೋವಾಗ ಅಂಚೆಲ್ಲಾ ಬಿರೀತೈತಿ. ನಾನು ಚಪ್ಪಲ್ ಬಿಟ್ಟು ಮೊಬೈಲ್ ಹಿಡಕೊಂಡು ನೇರ ಅಡಗಿ ಮನಿಗೆ ಹೋದೆ. "ಬಂದಾವ್ನ ಮಾರಿ ತೊಳಿ ಮೊದ್ಲ" ಅಂದ್ಲು. ತೊಳ್ಯಾಕ ಹೋಗ್ಲಿಲ್ಲ. ಸ್ಲೋ ಮೋಶನ್ ಸೆಕೆಂಡಿಗೆ 240 ಫ್ರೇಮಿಗೆ ಇಟ್ಟು ಪೂರ್ತಿ ಒಂದ್ ರೊಟ್ಟಿ ಶೂಟ್ ಮಾಡಿದೆ, ಚಲೋ ಬಂತು ಅನ್ಕೊಂಡು ಪ್ಲೇ ಮಾಡಿದ್ರ ಇಡೀ ವಿಡಿಯೋ ಪಕ ಪಕ ಹೊಡ್ಕೊಳ್ಳಾಕತ್ತಿತ್ತು, ಒಮ್ಮೆ ಬೆಳಕು ಒಮ್ಮೆ ಕತ್ತಲಿ, ಕಣ್ಣು ಬ್ಯಾನಿ ಬರೋ ಹಂಗ. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿಣಕ್ ಅಂತೈತಿ, ಬರಿಗಣ್ಣಿಗೆ ಕಾಣೂದಿಲ್ಲ, 240 ಫ್ರೇಮಿನ ಕ್ಯಾಮರಾಕ್ಕ ಬರೋಬ್ಬರಿ ಕಾಣತೈತಿ. ಮೊದಲನೇ ಸೆಮಿಸ್ಟರ್‌ದಾಗ ಹೇಳಿಕೊಟ್ಟಿದ್ದ ಅದು. ಮರ್ತಿದ್ದೆ.

"ಬೇ, ಹಿತ್ತಲದಾಗ ಬಿಸಿಲಿನ್ಯಾಗ ಕುಂತು ಬಡೀತಿಯೇನ?"

"ಯಾಕ?"

"ಲೈಟ್ ಸರಿ ಇಲ್ಲ."

"ಲೈಟ್ ಸರಿ ಇಲ್ಲಂತ! 120 ರೊಟ್ಟಿ ಹನ್ನೊಂದಕ್ಕ ಹೋಗಬೇಕು, ನೀ ಲೈಟ್ ಅನ್ನಾಕತ್ತಿ. ಬಿಸಿಲಾಗ ಹಿಟ್ಟು ಒಣಗತೈತಿ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಸುಮ್ನ ಚಹಾ ಕುಡದು ಕುಂತೆ. 90ಕ್ಕಿಂತ ಹೆಚ್ಚು ಆದಮ್ಯಾಲ ತಾನ ಎದ್ದು ಹಿತ್ತಲಕ್ಕ ಹ್ವಾದ್ಲು, ಸ್ನಾನದ ನೀರ ಕಾಸೋ ಕಟಗಿ ಒಲಿ ಮ್ಯಾಲ ಹಂಚು ಇಟ್ಲು, ಒಳಗಿಂದ ಕಲ್ಲು ತರಾಕ ನನಗ ಹೇಳಿದ್ಲು. ಹಿಟ್ಟಿನ ಮುದ್ದಿಗೆ ಹಸಿ ಅರಿವಿ ಮುಚ್ಚಿದ್ಲು. "ಹತ್ತ ರೊಟ್ಟಿ ಅಷ್ಟ ಮತ್ತ" ಅಂದ್ಲು, 16 ಮಾಡಿದ್ಲು.

ಆಮೇಲೆ ನಡುಮನಿಯಾಗ ಲ್ಯಾಪ್‌ಟಾಪ್ ಇಟ್ಕೊಂಡು ಒಂದೊಂದ ಫ್ರೇಮ್ ದೂಡ್ಕೋತ ಕುಂತೆ. ಒಂದ್ ರೊಟ್ಟಿಗೆ 83 ಏಟು. ಸೆಕೆಂಡಿಗೆ ಹೆಚ್ಚು ಕಡಿಮಿ ಮೂರು, ಅಂದ್ರ ನನ್ನ ಫಿಲ್ಮಿನ ಲೆಕ್ಕದಾಗ ಒಂದ್ ಏಟಿಗೆ ಎಂಟ್ ಫ್ರೇಮ್. ನಾನು ಹಾಕಿದ್ದೂ ಎಂಟ, ಆದ್ರ ಸರಿ ಅರ್ಧ ಅರ್ಧ, ನಾಲ್ಕು ಇಳ್ಯಾಕ ನಾಲ್ಕು ಏರಾಕ. ಅವ್ವನ ಕೈ ಎರಡ ಫ್ರೇಮಿನಾಗ ಇಳದು ಬಂದು ಬಿಡ್ತೈತಿ, ಒಂದ್ ಫ್ರೇಮ್ ತಾಗಿ ಇರತೈತಿ, ಉಳದ ಐದು ಮ್ಯಾಲ ಏರೋದಕ್ಕ. ಇಳಿಯೋವಾಗ ನಿಧಾನ ಅನ್ನೋದ ಇಲ್ಲ, ತಾಗೋ ಫ್ರೇಮಿನ ಹಿಂದಿನ ಫ್ರೇಮಿನಾಗ ಕೈ ಇನ್ನೂ ಗೇಣು ಎತ್ತರದಾಗ ಐತಿ ಮತ್ತ ಬೆರಳು ಮಬ್ಬು ಮಬ್ಬು. ಹಂಗಂತ 83ಕ್ಕ 83 ಒಂದ ಥರಾನೂ ಇಲ್ಲ, ನಡುವ ಅಂಚು ಬಿರಿದಲ್ಲಿ ಎಡಗೈ ಹೆಬ್ಬೆರಳು ಹೋಗಿ ಒತ್ತಿ ಬರ್ತೈತಿ, ಆವಾಗ ಬಲಗೈ ಒಂದ್ ಏಟು ಗಾಳ್ಯಾಗ ಬಿಟ್ಟು ಬಿಡತೈತಿ. ನಾನು ಮಾಡಿದ್ದು ಒಂದ ಏಟಿನ ಸೈಕಲ್, ಕಾಪಿ ಪೇಸ್ಟ್.

ಎಲ್ಲಾದಕ್ಕಿಂತ ನಾಚಿಕಿ ಆಗಿದ್ದು ಬಳಿ ನೋಡಿ. ನನ್ನ ಮಾಡೆಲ್‌ಗೆ ಮುಂಗೈ ತುಂಬ ಹಸರ ಬಳಿ ಹಾಕಿದ್ದೆ, ಪ್ರತಿ ಏಟಿಗೂ ಎರಡ್ ಫ್ರೇಮ್ ತಡವಾಗಿ ಕುಣಿಯೋ ಹಂಗ, ಓವರ್‌ಲ್ಯಾಪಿಂಗ್ ಆಕ್ಷನ್ ಅಂತ ಅದಕ್ಕ ಮಾರ್ಕ್ಸೂ ಬಂದಿದ್ದು, ಘಲ್ ಘಲ್ ಸೌಂಡೂ ಹಾಕಿದ್ದೆ. ವಿಡಿಯೋದಾಗ ಬಳಿ ಕುಣ್ಯಾಕತ್ತಿಲ್ಲ. ಮೊಣಕೈ ಹತ್ರ ಏರಿ ಬಿಗಿಯಾಗಿ ಕುಂತಾವು. ಹಿಂದಕ್ಕ ಹೋಗಿ ನೋಡಿದ್ರ, ಕಲ್ಲಿನ ಮುಂದ ಕುಂತ ಕೂಡ್ಲೇ ಒಣ ಹಿಟ್ಟು ಮುಟ್ಟೋ ಮೊದಲ ಅಕಿ ಬಳಿ ಎಲ್ಲಾ ಮ್ಯಾಲ ದೂಡ್ಕೊಂಡ್ಲು, ಬಲಗೈದು ಆಮ್ಯಾಲ ಎಡಗೈದು, ನೋಡದನ.

ಕೇಳಿದ್ರ ಅವ್ವ ನಕ್ಕಳು. "ಕೆಳಗ ಬಿಟ್ಕೊಂಡು ಬಡದ್ರ ಒಡಿಯೂದಿಲ್ಲೇನೋ? ಚೂರು ಹಿಟ್ಟಿನಾಗ ಬಿದ್ರ ಖಾನಾವಳಿಯವ ನನ್ನ ಬಿಡ್ತಾನೇನು?"

ಹಿಸ್ಟರಿ ಕ್ಲಾಸಿನಾಗ ಮೈಬ್ರಿಜ್ ಅನ್ನಾವನ ಕುದುರಿ ಫೋಟೋ ತೋರಿಸಿದ್ರು, 1878ರಾಗ ಅಂವ ಸಾಲಾಗಿ ಕ್ಯಾಮರಾ ಇಟ್ಟು ಓಡೋ ಕುದುರಿ ಫೋಟೋ ತಗದಿದ್ದ. ಅದಕ್ಕೂ ಮೊದಲಿನ ಚಿತ್ರಗಾರರು ಓಡೋ ಕುದುರಿ ಅಂದ್ರ ಮುಂಗಾಲು ಮುಂದ ಹಿಂಗಾಲು ಹಿಂದ ಚಾಚಿ ತೇಲೋ ಹಂಗ ಬರೀತಿದ್ರು, ಫೋಟೋದಾಗ ನೋಡಿದ್ರ ನಾಲ್ಕೂ ಕಾಲು ನೆಲ ಬಿಟ್ಟಾಗ ಅವು ಹೊಟ್ಟಿ ಕೆಳಗ ಕೂಡಿ ಬಂದಿದ್ದವು. ಆವಾಗ ಕುದುರಿ ಚಿತ್ರ ನೋಡಿ ನಾವೆಲ್ಲಾ ನಕ್ಕಿದ್ವಿ, ದಿನಾ ಕುದುರಿ ನೋಡಾವರಿಗೆ ಇಷ್ಟೂ ಕಾಣಲಿಲ್ಲೇನು ಅಂತ.

ಮಧ್ಯಾಹ್ನ ಇನ್ನೊಂದು ಆತು. ಸರ್ ಯಾವಾಗ್ಲೂ ಹೇಳೋದು, ಮೊದಲು ನೀವೇ ಮಾಡಿ ನೋಡಿ, ಆಮೇಲೆ ಕೀ ಹಾಕಿ ಅಂತ. ಉಳದ ಹಿಟ್ಟು ತಗೊಂಡು ನಾನ ಕುಂತೆ. ಮೊದಲನೇದು ಕಲ್ಲಿಗೆ ಹತ್ತಿಕೊಂತು. ಎರಡನೇದಕ್ಕ ಒಣ ಹಿಟ್ಟು ಜಾಸ್ತಿ ಉದುರಿಸಿದೆ, ಬಡದೆ, ರೊಟ್ಟಿ ಇದ್ದಲ್ಲೇ ಇತ್ತು, ತಿರುಗಲೇ ಇಲ್ಲ, ಅದಕ್ಕ ಎಡಗೈಲೆ ಹಿಡದು ತಿರುವಾಕ ಹೋದೆ, ಹರೀತು.

"ಕೈ ಹಚ್ಚಿ ತಿರುವಬ್ಯಾಡೋ, ಅದ ತಿರಗತೈತಿ. ನಡುವ ಬಡಿಬ್ಯಾಡ, ಚೂರು ಬಾಜೂಕ ಬಡಿ. ಮತ್ತ ಮುಂಗೈಲೆ ಅಲ್ಲ, ಹೆಗಲಿಂದ ಬಡಿ. ನೀ ತಟ್ಟಾಕತ್ತಿ."

ತಟ್ಟಾಕತ್ತಿ ಅಂದ್ಲು. ಬೆಂಗಳೂರಾಗ ಎಲ್ಲಾರೂ ರೊಟ್ಟಿ ತಟ್ಟೋದು ಅಂತಾರ, ಶಾಟಿನ ಫ್ರೇಮ್ ಲೆಕ್ಕ ಬರಿಯೋ ನನ್ನ ಎಕ್ಸ್‌ಶೀಟ್‌ನ್ಯಾಗೂ ನಾನು ಹಂಗ ಬರಕೊಂಡಿದ್ದೆ, ಶಾಟ್ 14, ರೊಟ್ಟಿ ತಟ್ಟುವುದು. ಅಲ್ಲೇ ಪೆನ್ ತಗೊಂಡು ಬಡಿಯುವುದು ಅಂತ ತಿದ್ದಿದೆ. ಏಟು ಬಾಜೂಕ ಬಿದ್ದಾಗ ರೊಟ್ಟಿ ಒಣ ಹಿಟ್ಟಿನ ಮ್ಯಾಲ ತಾನ ಒಂದೀಟು ಸರದು ತಿರಗತೈತಿ. ನನ್ನ ಶಾಟ್‌ನಾಗ ರೊಟ್ಟಿಗೆ ಬ್ಯಾರೇನ ರೊಟೇಶನ್ ಕೀ ಹಾಕಿ ಒಂದ ಸಮ ತಿರುಗೋ ಹಂಗ ಮಾಡಿದ್ದೆ, ಗಿರಣಿ ಕಲ್ಲಿನ್ಹಂಗ. ಅದಕ್ಕ ಕೈಗೂ ರೊಟ್ಟಿಗೂ ಸಂಬಂಧನ ಇಲ್ಲದಂಗ ಕಾಣತಿತ್ತು.

ಸೌಂಡ್ ಹಿಡಿಯೋ ಕಥಿ ಇನ್ನೊಂದು. ನಮ್ಮ ಓಣ್ಯಾಗ ಮಗ್ಗದ ಸಪ್ಪಳ ನಿಲ್ಲೂದ ಕಡಿಮಿ, ರೆಕಾರ್ಡ್ ಮಾಡಿದ್ರ ಯಾವುದು ರೊಟ್ಟಿ ಏಟು ಯಾವುದು ಮಗ್ಗದ್ದು ತಿಳೀಲಿಲ್ಲ. ರಾತ್ರಿ ಎಲ್ಲಾ ನಿಂತಮ್ಯಾಲ ಅಡಗಿ ಮನಿ ಎರಡ್ ಗ್ವಾಡಿಗೆ ಅಜ್ಜಿ ಹೊಲಿದ ಕೌದಿ ಕಟ್ಟಿ, ಗುಂಯ್ ಅನ್ನೋದು ಕಡಿಮಿ ಆಗ್ಲಿ ಅಂತ, ಅವ್ವನ ಕೈಲೆ ಮತ್ತ ನಾಲ್ಕ್ ರೊಟ್ಟಿ ಬಡಿಸಿದೆ. ಅಕಿ ಅವತ್ತು ಒಟ್ಟು ಎಷ್ಟು ಬಡದ್ಲೋ. ಹೆಗಲು ಹಿಡದೈತಿ ಅಂದ್ಲು, ಎಣ್ಣಿ ಹಚ್ಚಿದೆ.

ಬೆಂಗಳೂರಿಗೆ ಹೋಗಿ ಶಾಟ್ 14 ಪೂರ್ತಿ ಅಳಿಸಿ ಮತ್ತ ಮಾಡಿದೆ. ಚಲನಿಯನ್ನ ಗೆರಿ ಮಾಡಿ ತೋರಿಸೋ ಗ್ರಾಫ್ ಎಡಿಟರ್‌ದಾಗ ಇಳಿಯೋ ಗೆರಿ ಕಲ್ಲಿನ್ಯಾಗ ಕಡದಂಗ ನೇರ ಮಾಡಿದೆ, ಏಟು ಹೆಗಲಿಂದ ಹೊರಡಿಸಿದೆ, ಬಳಿ ಮೊಣಕೈಗೆ ಏರಿಸಿದೆ, ಘಲ್ ಘಲ್ ತಗದು ಹಾಕಿದೆ. ಸರ್ ನೋಡಿ ಏನೂ ಅನ್ನಲಿಲ್ಲ, ಮುಂದಿನ ಶಾಟ್ ಹಾಕು ಅಂದ್ರು. ಅವರ ಕಡಿಂದ ಅದು ದೊಡ್ಡ ಮಾತು.

ಹೋದ ವಾರ ಮತ್ತ ಊರಿಗೆ ಬಂದಿದ್ದೆ, ಎಡಿಟ್ ಲಾಕ್ ಆಗಿತ್ತು, ಅಂದ್ರ ಇನ್ನ ಶಾಟಿನ ಉದ್ದ ಬದಲಿ ಮಾಡೂ ಹಂಗಿರಲಿಲ್ಲ. ನಾಲ್ಕ್ ನಿಮಿಷ ಅಂದ್ರ 5,760 ಫ್ರೇಮ್, ಫ್ರೇಮಿಗೆ ಮೂರ್ ನಿಮಿಷ ಹಿಡದ್ರ ಒಂದ ಮಷೀನ್‌ದಾಗ 12 ದಿನ ರೆಂಡರ್, ಅಂದ್ರ ಕಂಪ್ಯೂಟರ್ ಕಡೀ ಚಿತ್ರ ತಯಾರ ಮಾಡೋದು, ಲ್ಯಾಬಿನಾಗ ನಾಲ್ಕ್ ಮಷೀನ್ ಬೇಡ್ಕೊಂಡು ಹಚ್ಚಿ ಬಂದಿದ್ದೆ. ಬಣ್ಣ ಇಲ್ಲದ ಕಚ್ಚಾ ಪ್ರಿವ್ಯೂ ಲ್ಯಾಪ್‌ಟಾಪ್‌ದಾಗಿತ್ತು, ಅವ್ವಗ ತೋರಿಸಿದೆ. ಶಾಟ್ 14 ಬಂದಾಗ ಅಕಿ ಮುಂದ ಬಗ್ಗಿ ಕುಂತ್ಲು. ಮುಗಿಯೋ ತನಾ ಮಾತಾಡ್ಲಿಲ್ಲ.

"ಹಂಚಿಗಿ ಹಾಕಿದ್ಲು, ನೀರ ಹಚ್ಚಲೇ ಇಲ್ಲಲ್ಲೋ?"

"ಆಂ?"

"ರೊಟ್ಟಿ ಹಂಚಿಗಿ ಹಾಕಿದಮ್ಯಾಲ ಮ್ಯಾಲ ಹಸಿ ಅರಿವೀಲೆ ನೀರ ಹಚ್ಚಬೇಕಿಲ್ಲೇನು? ಒಣ ಹಿಟ್ಟು ಹಂಗ ಉಳದ್ರ ಬಿರೀತೈತಿ. ಈ ಹೆಣ್ಮಗಳ ರೊಟ್ಟಿ ಹೆಂಗ್ ಉಬ್ಬತಾವು?"

ನನ್ನ ಫಿಲ್ಮಿನಾಗ ರೊಟ್ಟಿ ಉಬ್ಬೋದ ಕ್ಲೈಮ್ಯಾಕ್ಸ್. ಸಬ್ಮಿಶನ್‌ಗೆ ಒಂಬತ್ ದಿನ ಉಳದಾವು, ಹಸಿ ಅರಿವಿ ಅಂದ್ರ ಬಟ್ಟಿ ಮಡಚೋದು ಅಲುಗೋದು ಕಂಪ್ಯೂಟರ್ ಲೆಕ್ಕ ಹಾಕೋ ಕ್ಲಾತ್ ಸಿಮ್ಯುಲೇಶನ್, ಅದರಿಂದ ಏಳೋ ಉಗಿ ಇನ್ನೊಂದ್ ಸಿಮ್ಯುಲೇಶನ್, ಮೂರ್ ಸೆಕೆಂಡ್ ಅಂದ್ರೂ 72 ಫ್ರೇಮ್, ಮ್ಯೂಸಿಕ್ ಮಾಡೋ ಹುಡುಗ ನನ್ನ ಹೊಡೀತಾನ. ಬಿಡು ಬೇ, ಯಾರಿಗ್ ಗೊತ್ತಾಗ್ತೈತಿ ಅನ್ನಬೇಕಂತ ಬಾಯಿ ತಗದೆ, ಅಕಿ ಇನ್ನೂ ಸ್ಕ್ರೀನ್ ನೋಡ್ಕೋತನ ಕುಂತಿದ್ಲು.

ಮೊಬೈಲ್ ತಗದು 240ಕ್ಕ ಇಟ್ಟೆ.

"ಹಿತ್ತಲಕ್ಕ ನಡಿ ಹಂಗಾರ, ಒಳಗ ಲೈಟ್ ಸರಿ ಇಲ್ಲಲ್ಲ" ಅಂದ್ಲು ಅವ್ವ, ಹಿಟ್ಟಿನ ಡಬ್ಬಿ ಬಗಲಾಗ ಹಿಡಕೊಂಡು ಬಳಿ ಮ್ಯಾಲ ಏರಿಸ್ಕೋತ.