ಕೆಲಸವಿಲ್ಲದಾಗ ಮಾತ್ರ ರೀಬೂಟ್ ಆಗುತ್ತಿದ್ದ ಸರ್ವರ್

ಹಳೆಯ ಕನ್ನಡ ನಿಯತಕಾಲಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಪಠ್ಯವಾಗಿಸುವ ಕೆಲಸಕ್ಕೆಂದು ಚಾಮರಾಜಪೇಟೆಯ ಸಣ್ಣ ಕಚೇರಿಯೊಂದರಲ್ಲಿ ಇರಿಸಿರುವ ಸರ್ವರನ್ನು ನಾನು ನೋಡಿಕೊಳ್ಳುತ್ತೇನೆ. ಈಚೆಗೆ ಅದರ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಬದಲಿಸಿ, ತಿರುಗುವ ಹಾರ್ಡ್ ಡಿಸ್ಕ್‌ಗಳನ್ನು ತೆಗೆದು ಎಸ್‌ಎಸ್‌ಡಿಗಳನ್ನು ಕೂರಿಸಿದೆವು. ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಘಟಕ) ಮಾತ್ರ ಹಳೆಯವೇ ಉಳಿದವು. ಅಂದಿನಿಂದ ಯಂತ್ರ ತಾನಾಗಿಯೇ ರೀಬೂಟ್ ಆಗತೊಡಗಿತು. ಕರಡು ತಿದ್ದುವವರು ಸಂಭಾವನೆಯಿಲ್ಲದೆ ದುಡಿಯುವ ಹಿರಿಯರು. ಅವರು ತಿದ್ದಿದ ಒಂದು ಸಾಲು ಕಳೆದುಹೋದರೂ ನನಗೆ ಸಂಕಟವಾಗುತ್ತದೆ.

ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಕರೆಂಟ್ ಹೋಗುವುದು ಎಲ್ಲರಿಗೂ ಅಭ್ಯಾಸವಾದ ಸಂಗತಿಯಾದ್ದರಿಂದ, ಕಚೇರಿಯವರ ಅನುಮಾನ ಮೊದಲು ಹೋದದ್ದು ಅತ್ತಲೇ. ಆದರೆ ಅದೇ ಯುಪಿಎಸ್‌ಗೆ ಜೋಡಿಸಿದ್ದ ರೌಟರ್ ಒಮ್ಮೆಯೂ ಆರಿರಲಿಲ್ಲ. ದೋಷ ಗೋಡೆಯ ಪ್ಲಗ್ಗಿನಿಂದಾಚೆ ಇಲ್ಲ, ಕ್ಯಾಬಿನೆಟ್ಟಿನೊಳಗೇ ಇದೆ ಎಂಬುದಕ್ಕೆ ಇಷ್ಟು ಸಾಕಾಯಿತು.

ಮುಂದೆ ನೋಡಬೇಕಾದದ್ದು ಲಾಗ್, ಅಂದರೆ ಯಂತ್ರ ತನ್ನ ಆಗುಹೋಗುಗಳನ್ನು ಬರೆದಿಡುವ ದಾಖಲೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ಅನೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ /var/log/journal ಎಂಬ ಫೋಲ್ಡರ್ ಇಲ್ಲದಿದ್ದರೆ ಜರ್ನಲ್ ಎಂಬ ಈ ದಾಖಲೆ ಬರೀ ಮೆಮೊರಿಯಲ್ಲಿ ಉಳಿದು, ರೀಬೂಟ್‌ನೊಂದಿಗೇ ಅಳಿಸಿಹೋಗುತ್ತದೆ, ಆಗ ಲಾಗ್ ಖಾಲಿಯಾಗಿರುವುದರಿಂದ ಏನನ್ನೂ ಊಹಿಸುವಂತಿಲ್ಲ. ನಮ್ಮಲ್ಲಿ ಫೋಲ್ಡರ್ ಇತ್ತು. ಹಿಂದಿನ ಬೂಟ್‌ನ ಕೊನೆಯ ಸಾಲುಗಳಲ್ಲಿ ನಿಗದಿತ ವೇಳೆಗೆ ತಾನಾಗಿ ನಡೆಯುವ ನಿತ್ಯದ ಕ್ರಾನ್ ಕೆಲಸಗಳ ಹೊರತು ಬೇರೇನೂ ಇರಲಿಲ್ಲ. ನೆಟ್‌ಕನ್ಸೋಲ್ ಎಂಬ ಸೌಲಭ್ಯದ ಮೂಲಕ ಕರ್ನಲ್‌ನ (ಲಿನಕ್ಸ್‌ನ ತಿರುಳಾದ ತಂತ್ರಾಂಶದ) ಸಂದೇಶಗಳು ಪಕ್ಕದ ಕಂಪ್ಯೂಟರಿಗೆ ಹೋಗುವಂತೆ ಮಾಡಿದಾಗಲೂ ಅಲ್ಲಿಗೆ ಒಂದು ದೂರೂ ಬಂದು ತಲುಪಲಿಲ್ಲ.

ಈ ಮೌನವನ್ನು ನಾನು ಒಂದು ಸಾಕ್ಷ್ಯವೆಂದೇ ಪರಿಗಣಿಸುತ್ತೇನೆ. ಕರ್ನಲ್ ಪ್ಯಾನಿಕ್ ಆಗಿದ್ದರೆ, ಅಂದರೆ ಸರಿಪಡಿಸಲಾಗದ ದೋಷ ಕಂಡು ಕರ್ನಲ್ ತಾನೇ ಕೆಲಸ ನಿಲ್ಲಿಸಿದ್ದರೆ, ನೆಟ್‌ವರ್ಕ್ ಮೂಲಕವಾದರೂ ನಾಲ್ಕು ಸಾಲು ಸಿಗುವ ಸಂಭವವಿರುತ್ತದೆ. ಅಲ್ಲದೆ ಪ್ಯಾನಿಕ್ ಆದ ಬಳಿಕ ಎಷ್ಟು ಸೆಕೆಂಡಿಗೆ ರೀಬೂಟ್ ಆಗಬೇಕೆಂಬ ಸೆಟ್ಟಿಂಗ್ ನಮ್ಮಲ್ಲಿ 0 ಆಗಿತ್ತು, ಅಂದರೆ ಯಂತ್ರ ಎದ್ದು ಬರದೆ ನಿಂತಲ್ಲೇ ನಿಲ್ಲಬೇಕಿತ್ತು. ಯಂತ್ರ ಸ್ಪಂದಿಸದಿದ್ದಾಗ ಅದನ್ನು ರೀಬೂಟ್ ಮಾಡುವ ವಾಚ್‌ಡಾಗ್ ಕೂಡ ಚಾಲನೆಯಲ್ಲಿರಲಿಲ್ಲ. ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿದರೂ ರ‍್ಯಾಮ್‌ನಲ್ಲಿ ತಪ್ಪು ತೋರಲಿಲ್ಲ. ಹಾಗಾದರೆ ಏನನ್ನೂ ಬರೆಯಲು ಪ್ರೊಸೆಸರಿಗೆ ಅವಕಾಶವೇ ಸಿಗದಂತೆ ಯಾವುದೋ ಅದರ ಕಾಲ ಕೆಳಗಿನ ನೆಲವನ್ನೇ ಎಳೆಯುತ್ತಿತ್ತು.

ನಿಜವಾದ ಸುಳಿವು ಸಿಕ್ಕಿದ್ದು ರೀಬೂಟ್ ಆದ ವೇಳೆಗಳನ್ನು ಕೆಲಸದ ಪಟ್ಟಿಯೊಂದಿಗೆ ಹೋಲಿಸಿದಾಗ. ಎಲ್ಲ ಕೋರ್‌ಗಳೂ ತುಂಬಿ ಸಾವಿರಾರು ಪುಟಗಳ ಅಕ್ಷರ ಗುರುತಿಸುವಿಕೆ ನಡೆಯುತ್ತಿದ್ದ ಹೊತ್ತಿನಲ್ಲಿ ಯಂತ್ರ ಬಂಡೆಯಂತೆ ನಿಂತಿರುತ್ತಿತ್ತು. ಎಲ್ಲರೂ ಮನೆಗೆ ಹೋಗಿ, ಸರದಿ ಮುಗಿದು, ಪ್ರೊಸೆಸರ್ ಸುಮ್ಮನೆ ಕುಳಿತ ಮೇಲೆಯೇ ರೀಬೂಟ್ ಆಗುತ್ತಿತ್ತು.

ಎಸ್‌ಎಂಪಿಎಸ್ ಎಂದರೆ ನಾವೆಲ್ಲ ಅದರ ಗರಿಷ್ಠ ವ್ಯಾಟ್ ಒಂದನ್ನೇ ಯೋಚಿಸುತ್ತೇವೆ. ಅದಕ್ಕೆ ಕನಿಷ್ಠ ಹೊರೆಯೂ ಒಂದಿರುತ್ತದೆ, ಅಂದರೆ ಅದರಿಂದ ಇಷ್ಟಾದರೂ ವಿದ್ಯುತ್ ಎಳೆಯುತ್ತಿರಬೇಕೆಂಬ ಮಿತಿ. 2013ರಲ್ಲಿ ಇಂಟೆಲ್‌ನ ಹ್ಯಾಸ್ವೆಲ್ ಪ್ರೊಸೆಸರ್‌ಗಳು ಬಂದಾಗ ಈ ವಿಷಯ ಮುನ್ನೆಲೆಗೆ ಬಂತು: ಸಿ6, ಸಿ7 ಎಂಬ ಗಾಢನಿದ್ರೆಯ ಸ್ಥಿತಿಗಳಲ್ಲಿ ಪ್ರೊಸೆಸರ್ 12 ವೋಲ್ಟ್‌ನ ತಂತಿಯಿಂದ 0.05 ಆಂಪಿಯರ್‌ನಷ್ಟು ಕಡಿಮೆ ಎಳೆಯಬಹುದಿತ್ತು, ಆದರೆ ಅದಕ್ಕೂ ಹಿಂದಿನ ಎಸ್‌ಎಂಪಿಎಸ್‌ಗಳನ್ನು ಅಲ್ಲಿ ಕನಿಷ್ಠ 0.5 ಆಂಪಿಯರ್ ಇರುತ್ತದೆಂದು ನಂಬಿ ವಿನ್ಯಾಸಗೊಳಿಸಲಾಗಿತ್ತು. ಅಂದರೆ 6 ವ್ಯಾಟ್ ಇರಬೇಕಾದಲ್ಲಿ 0.6 ವ್ಯಾಟ್. ಎಎಂಡಿ ಬೋರ್ಡ್‌ಗಳ ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶದಲ್ಲಿ) ಪವರ್ ಸಪ್ಲೈ ಐಡಲ್ ಕಂಟ್ರೋಲ್ ಎಂಬ ಆಯ್ಕೆ ಕಾಣುವುದೂ ಇಂಥದೇ ಕಾರಣಕ್ಕೆ.

ನಮ್ಮ ಪೆಟ್ಟಿಗೆಯಲ್ಲಿ ಇನ್ನೊಂದು ಅಂಶವೂ ಸೇರಿಕೊಂಡಿತ್ತು. ಹಳೆಯ ಹಾರ್ಡ್ ಡಿಸ್ಕ್‌ಗಳ ಮೋಟಾರ್‌ಗಳು ಹಗಲಿರುಳೂ 12 ವೋಲ್ಟ್ ಬಳಸುತ್ತಿದ್ದವು. ಅವುಗಳ ಜಾಗಕ್ಕೆ ಬಂದ ಸಾಟಾ ಎಸ್‌ಎಸ್‌ಡಿಗಳು 5 ವೋಲ್ಟ್‌ನಿಂದ ಓಡುತ್ತವೆ. ಅಗ್ಗದ ಹಳೆಯ ವಿನ್ಯಾಸಗಳಲ್ಲಿ ಈ ಎರಡೂ ವೋಲ್ಟೇಜ್‌ಗಳನ್ನು ಒಟ್ಟಿಗೇ ನಿಯಂತ್ರಿಸುವುದರಿಂದ, ಒಂದರ ಹೊರೆ ಇಳಿದು ಇನ್ನೊಂದರದು ಉಳಿದಾಗ 12 ವೋಲ್ಟ್ ಮೇಲೇರುತ್ತದೆ, 5 ವೋಲ್ಟ್ ಕುಸಿಯುತ್ತದೆ. ಎಸ್‌ಎಂಪಿಎಸ್‌ಗಳಿಗೆ ಅನ್ವಯಿಸುವ ಎಟಿಎಕ್ಸ್ ಮಾನದಂಡ ಆ ಕಾಲದಲ್ಲಿ ಎರಡಕ್ಕೂ ಶೇ. 5ರಷ್ಟು ಏರಿಳಿತವನ್ನಷ್ಟೇ ಒಪ್ಪುತ್ತಿತ್ತು. ಮಿತಿ ಮೀರಿದಾಗ ಕೆಲವು ಎಸ್‌ಎಂಪಿಎಸ್‌ಗಳು ಪೂರ್ತಿ ಆರುತ್ತವೆ. ಕೆಲವು, ವಿದ್ಯುತ್ ಸರಿಯಿದೆಯೆಂದು ತಿಳಿಸುವ ಪವರ್ ಗುಡ್ ಎಂಬ ಸಂಕೇತವನ್ನು ಕ್ಷಣಕಾಲ ಹಿಂತೆಗೆಯುತ್ತವೆ, ಮದರ್‌ಬೋರ್ಡ್ ಅದನ್ನು ನೋಡಿದೊಡನೆ ರೀಸೆಟ್ ಆಗುತ್ತದೆ. ಹೊಸ ಭಾಗಗಳು ಹಳೆಯ ಎಸ್‌ಎಂಪಿಎಸ್‌ನಿಂದ ತೀರಾ ಕಡಿಮೆ ಕೇಳಿದ್ದೇ ತೊಂದರೆಯಾಗಿತ್ತೆಂಬ ಈ ಊಹೆ ನನ್ನನ್ನು ಬೆರಗುಗೊಳಿಸಿತು, ಪರೀಕ್ಷಿಸದೆ ಬಿಡಲು ಮನಸ್ಸಾಗಲಿಲ್ಲ.

ಪರೀಕ್ಷೆಗೆ ಖರ್ಚೇನೂ ಇರಲಿಲ್ಲ. ಬಯಾಸ್‌ನಲ್ಲಿ ಸಿ6, ಸಿ7 ಎರಡನ್ನೂ ನಿಲ್ಲಿಸಿದೆ, ಬೇರೆ ಯಾವುದನ್ನೂ ಮುಟ್ಟಲಿಲ್ಲ. ರೀಬೂಟ್‌ಗಳು ನಿಂತವು. ಮತ್ತೆ ಚಾಲೂ ಮಾಡಿದಾಗ ಮರಳಿ ಬಂದವು. ಒಂದು ಬದಲಾವಣೆಯನ್ನು ಹೀಗೆ ಎರಡೂ ದಿಕ್ಕಿನಲ್ಲಿ ನೋಡದೆ ಕಾರಣ ಸಿಕ್ಕಿತೆಂದು ಹೇಳುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಇಂಥ ತೊಂದರೆಗಳು ಕೆಲವು ದಿನ ತಾವಾಗಿಯೇ ಮರೆಯಾಗುವುದೂ ಉಂಟು.

ಎಸ್.ಪಿ. ರೋಡಿನ ಅಂಗಡಿಯಲ್ಲಿ ಮೊದಲ ಪ್ರಶ್ನೆ "ಎಷ್ಟು ವ್ಯಾಟ್ ಬೇಕು ಸಾರ್?" ಎಂಬುದೇ ಆಗಿತ್ತು. ನಾನು ಸಿ6, ಸಿ7 ಬಗ್ಗೆ ಕೇಳಿದಾಗ ಅಂಗಡಿಯವರು ಬೇಸರಿಸದೆ ಪೆಟ್ಟಿಗೆಗಳನ್ನು ಒಂದೊಂದಾಗಿ ತಿರುಗಿಸಿ ಓದಿ, ಈ ಸ್ಥಿತಿಗಳಿಗೆ ಹೊಂದುತ್ತದೆಂದು ಮುದ್ರಿಸಿದ್ದ, 5 ವೋಲ್ಟನ್ನು 12 ವೋಲ್ಟ್‌ನಿಂದ ಪ್ರತ್ಯೇಕವಾಗಿ ಪಡೆಯುವ ಡಿಸಿ ಟು ಡಿಸಿ ವಿನ್ಯಾಸದ ಒಂದನ್ನು ಹುಡುಕಿಕೊಟ್ಟರು. ಅದರ ವ್ಯಾಟ್ ಹಳೆಯದಕ್ಕಿಂತ ಕಡಿಮೆ.

ಈಗ ಸಿ6, ಸಿ7 ಎರಡೂ ಚಾಲೂ ಇವೆ, ಯಂತ್ರ ರಾತ್ರಿಯಿಡೀ ನಿದ್ರಿಸಿ ಬೆಳಿಗ್ಗೆ ಕೆಲಸಕ್ಕೆ ಸಿದ್ಧವಾಗಿರುತ್ತದೆ. ಹಳೆಯ ಎಸ್‌ಎಂಪಿಎಸ್ಸನ್ನೇ ಉಳಿಸಿಕೊಳ್ಳಬೇಕಾದವರು ಆ ಸ್ಥಿತಿಗಳನ್ನು ನಿಲ್ಲಿಸಿಯೇ ನಡೆಸಬಹುದು. ಸುಮ್ಮನೆ ಕುಳಿತಾಗಿನ ವಿದ್ಯುತ್ ಬಳಕೆಯೂ ಬಿಸಿಯೂ ತುಸು ಹೆಚ್ಚುತ್ತವೆ.