‘ನೆಟ್ ಇಲ್ಲ’ ಅಂದರೆ ಯಾವುದು ಇಲ್ಲ?

ಶಿರಸಿ ಸುತ್ತಮುತ್ತ ಫೈಬರ್ ಇಂಟರ್ನೆಟ್ ಲೈನ್ ಎಳೆಯುವುದು, ಕೆಟ್ಟರೆ ಸರಿ ಮಾಡುವುದು ನನ್ನ ಕೆಲಸ. ಮಳೆಗಾಲ ಶುರುವಾದರೆ ಫೋನ್ ಬಿಡುವು ಕೊಡುವುದಿಲ್ಲ. ಯಾರು ಮಾಡಿದರೂ ಮಾತು ಒಂದೇ: "ತಮಾ, ನೆಟ್ ಬತ್ತಿಲ್ಲೆ." ಆ ಒಂದು ಮಾತಿನ ಹಿಂದೆ ಐದಾರು ಬೇರೆ ಬೇರೆ ತೊಂದರೆ ಇರಬಹುದು. ಲೈನ್ ಮೇಲೆ ಮರ ಬಿದ್ದಿರಬಹುದು, ಅಡಾಪ್ಟರ್ ಸುಟ್ಟಿರಬಹುದು, ವೈಫೈ ಗೋಡೆ ದಾಟದೆ ಇರಬಹುದು, ಎಲ್ಲ ಸರಿಯಿದ್ದೂ ಸೈಟಿನ ಐಪಿ ಸಂಖ್ಯೆ ಹುಡುಕಿ ಕೊಡುವ ಡಿಎನ್‌ಎಸ್ ಕೈಕೊಟ್ಟಿರಬಹುದು. ಯಾವುದು ಅಂತ ಗೊತ್ತಾದರೆ ಎಷ್ಟೋ ಸಲ ಫೋನಿನಲ್ಲೇ ಮುಗಿಯುತ್ತದೆ. ಗೊತ್ತಾಗದಿದ್ದರೆ ಸುರಿಯುವ ಮಳೆಯಲ್ಲಿ ಬೈಕ್ ಹತ್ತಬೇಕು, ಅಲ್ಲಿ ಹೋದ ಮೇಲೆ ಬೇಕಾದ ಸಾಮಾನು ಬ್ಯಾಗಿನಲ್ಲಿ ಇರುವುದಿಲ್ಲ.

ಅದಕ್ಕೇ ನಮ್ಮ ಜೊತೆ ಹೊಸದಾಗಿ ಸೇರುವ ಹುಡುಗರಿಗೆ ನಾನು ಪದಗಳನ್ನು ಒಂದೇ ಕ್ರಮದಲ್ಲಿ ಹೇಳಿಕೊಡುತ್ತೇನೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಬೇಡ. ಇದರ ಕೆಲಸ ಏನು, ಇದು ನಿಂತರೆ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ. ಇಷ್ಟು ಹೇಳಲು ಬಂದರೆ ಪದ ಗೊತ್ತು ಅಂತ ಲೆಕ್ಕ. ಮನೆಯವರಿಗೂ ಇದೇ ಕ್ರಮದಲ್ಲಿ ಹೇಳಿದರೆ ಚೆನ್ನಾಗಿ ಅರ್ಥವಾಗುತ್ತದೆ, ನಾನು ನೋಡಿದ್ದೇನೆ.

ಮೊದಲು ಮನೆಯೊಳಗಿನ ಆ ಡಬ್ಬಿ. ಕೆಲವರು ಮೋಡೆಮ್ ಅನ್ನುತ್ತಾರೆ, ಕೆಲವರು ರೂಟರ್, ಇನ್ನು ಕೆಲವರು ಸುಮ್ನೆ ವೈಫೈ. ಒಂದೇ ಡಬ್ಬಿಯೊಳಗೆ ಮೂರು ಕೆಲಸ ನಡೆಯುತ್ತಿರುತ್ತದೆ. ಫೈಬರಿನಲ್ಲಿ ಬಂದ ಬೆಳಕನ್ನು ಕಂಪ್ಯೂಟರಿಗೆ ಅರ್ಥವಾಗುವ ವಿದ್ಯುತ್ ಸಂಕೇತ ಮಾಡುವುದು ಓಎನ್‌ಟಿ. ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್ ಇವುಗಳಿಗೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ನಿಂತು ಯಾವ ಡೇಟಾ ಯಾವ ಕಡೆ ಹೋಗಬೇಕು ಅಂತ ನೋಡಿ ಕಳಿಸುವುದು ರೂಟರ್. ವೈರ್ ಇಲ್ಲದೆ ರೇಡಿಯೋ ಅಲೆಯಲ್ಲಿ ಅದನ್ನು ನಿಮ್ಮ ಫೋನಿಗೆ ಮುಟ್ಟಿಸುವುದು ವೈಫೈ. ಮೂರೂ ಬೇರೆ ಬೇರೆಯಾಗಿ ಕೆಡುತ್ತವೆ. ವೈಫೈ ಗೆರೆ ಪೂರ್ತಿ ಇದೆ, ಆದರೂ ನೆಟ್ ಇಲ್ಲ ಅಂತ ಜನ ಬೇಸರ ಮಾಡಿಕೊಳ್ಳುತ್ತಾರೆ. ಆ ಗೆರೆಗಳು ಹೇಳುವುದು ಫೋನಿಗೂ ಡಬ್ಬಿಗೂ ನಡುವಿನ ಮಾತು ಮಾತ್ರ. ಡಬ್ಬಿಯಿಂದ ಆಚೆ ಲೈನ್ ತುಂಡಾಗಿದ್ದರೂ ಗೆರೆ ಹಾಗೇ ಇರುತ್ತದೆ.

ಡಬ್ಬಿಯ ಮೇಲೆ ಎಲ್‌ಓಎಸ್ ಅಂತ ಒಂದು ದೀಪ ಇದೆ. ಅದು ಕೆಂಪಾದರೆ ಬೆಳಕು ಡಬ್ಬಿಯ ತನಕ ಬರುತ್ತಿಲ್ಲ ಅಂತ. ಆಗ ಡಬ್ಬಿ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗುವುದಿಲ್ಲ, ರಿಸೆಟ್ ಬಟನ್ ಅಂತೂ ಒತ್ತಲೇಬೇಡಿ. ಒತ್ತಿದರೆ ಒಳಗಿನ ಸೆಟ್ಟಿಂಗ್ ಎಲ್ಲ ಅಳಿಸಿ ಹೋಗಿ ಒಂದು ತೊಂದರೆ ಎರಡಾಗುತ್ತದೆ. ಯಾವ ದೀಪವೂ ಇಲ್ಲದಿದ್ದರೆ ಅಡಾಪ್ಟರ್ ಅಥವಾ ಕರೆಂಟ್.

ಫೈಬರ್ ಅಂದರೆ ಗಾಜಿನ ಎಳೆ. ಬೆಳಕು ಓಡುವ ಒಳಭಾಗ ಸುಮಾರು 9 ಮೈಕ್ರಾನ್, ನಮ್ಮ ತಲೆಕೂದಲಿಗಿಂತ ಎಷ್ಟೋ ಸಣ್ಣ. ಮನೆಗೆ ಬರುವ ಬೆಳಕು 1490 ನ್ಯಾನೋಮೀಟರಿನದು, ಮನೆಯಿಂದ ಹೋಗುವುದು 1310ರದು, ಹಾಗಾಗಿ ಒಂದೇ ಎಳೆಯಲ್ಲಿ ಎರಡೂ ಕಡೆ ಓಡಬಹುದು. ಎರಡೂ ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೂ ಅದು ಲೇಸರ್. ತುಂಡಾದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬಾರದು, ಮಕ್ಕಳ ಕೈಗೂ ಕೊಡಬಾರದು.

ಬೆಳಕು ಎಷ್ಟು ಬಂದಿದೆ ಅಂತ ಅಳೆಯುವ ಲೆಕ್ಕಕ್ಕೆ ಡಿಬಿಎಂ ಅನ್ನುತ್ತಾರೆ. ಹೊಸಬರು ಹೆದರುವುದು ಇಲ್ಲೇ, ಮೀಟರಿನಲ್ಲಿ ಎಲ್ಲ ಮೈನಸ್ ತೋರಿಸುತ್ತದಲ್ಲ! ಸೊನ್ನೆ ಅಂದರೆ ಒಂದು ಮಿಲಿವಾಟ್. ಹತ್ತು ಕಡಿಮೆಯಾದರೆ ಶಕ್ತಿ ಹತ್ತನೇ ಒಂದು ಭಾಗ ಆಗುತ್ತದೆ, ಮೂರು ಕಡಿಮೆಯಾದರೆ ಅರ್ಧ. ಅಂದರೆ ಮೈನಸ್ 20ರಲ್ಲಿ ಇರುವುದು ಮಿಲಿವಾಟಿನ ನೂರನೇ ಒಂದು ಭಾಗ, ಅಷ್ಟು ಧಾರಾಳ ಸಾಕು. ಮೈನಸ್ 27 ದಾಟಿತು ಅಂದರೆ ಸಾಮಾನ್ಯ ಓಎನ್‌ಟಿಗೆ ಕಷ್ಟ ಶುರು.

ಬಂಡಲದ ಕಡೆ ಒಂದು ಮನೆಯಲ್ಲಿ ನೆಟ್ ಬರುವುದು ಹೋಗುವುದು ಮಾಡುತ್ತಿತ್ತು. ಪೂರ್ತಿ ಹೋಗುತ್ತಿರಲಿಲ್ಲ, ಅದೇ ತಲೆನೋವು. ಕಂಬದ ಹತ್ತಿರ ಅಳೆದರೆ ಮೈನಸ್ 20. ಮನೆಯೊಳಗೆ ಅಳೆದರೆ ಮೈನಸ್ 28. ನಡುವೆ ಇದ್ದದ್ದು ಒಂದು ಗೋಡೆ, ಒಂದು ಕಪಾಟು. ಮನೆಗೆ ಬಣ್ಣ ಹೊಡೆಯುವಾಗ ಕಪಾಟು ಎಳೆದವರು ವಾಪಸ್ ದೂಡಿದ್ದರು, ಫೈಬರ್ ಅದರ ಹಿಂದೆ ಮಡಚಿ ಸಿಕ್ಕಿಕೊಂಡಿತ್ತು. ಗಾಜಿನ ಎಳೆ ಜಾಸ್ತಿ ಬಗ್ಗಿದರೆ ಬೆಳಕು ತಿರುವಿನಲ್ಲೇ ಹೊರಗೆ ಸೋರುತ್ತದೆ, ತುಂಡಾಗಬೇಕು ಅಂತಿಲ್ಲ. ಕಪಾಟು ಒಂದು ಗೇಣು ಮುಂದೆ ಸರಿಸಿ ಮಡಿಕೆ ಬಿಡಿಸಿದ ಕೂಡಲೇ ಮೀಟರ್ ಮೈನಸ್ 21ಕ್ಕೆ ಬಂತು. ಅಲ್ಲಿ ಡಬ್ಬಿ ಬದಲಾಯಿಸಿದ್ದರೆ ಹೊಸ ಡಬ್ಬಿಯೂ ಹಾಗೇ ಆಡುತ್ತಿತ್ತು, ಮನೆಯವರ ದುಡ್ಡು ಹೋಗುತ್ತಿತ್ತು. ಅಳತೆ ನೋಡದೆ ಡಬ್ಬಿ ಮಾರುವುದು ನನಗೆ ಸರಿ ಕಾಣುವುದಿಲ್ಲ.

ಸಿಡಿಲಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೂ ಏಪ್ರಿಲ್–ಮೇ ಗುಡುಗಿಗೆ ಡಬ್ಬಿಗಳು ಸುಡುತ್ತವೆ. ಸಿಡಿಲಿನ ಹೊಡೆತ ಕರೆಂಟಿನ ಲೈನಿನಿಂದ ಅಡಾಪ್ಟರ್ ಮೂಲಕ ಬರುತ್ತದೆ, ಡಬ್ಬಿಗೂ ಕಂಪ್ಯೂಟರಿಗೂ ನಡುವಿನ ತಾಮ್ರದ ಲ್ಯಾನ್ ಕೇಬಲ್ ಮೂಲಕವೂ ಬರುತ್ತದೆ. ಕಂಬದಿಂದ ಮನೆಗೆ ಬರುವ ಕೇಬಲಿನಲ್ಲಿ ಬಿಗಿತಕ್ಕೆ ಅಂತ ಉಕ್ಕಿನ ತಂತಿ ಇದ್ದರೆ ಅದನ್ನು ಹೊರಗಿನ ಗೋಡೆಯಲ್ಲೇ ನಿಲ್ಲಿಸಬೇಕು, ಡಬ್ಬಿಯ ತನಕ ಎಳೆದು ತರಬಾರದು. ಗುಡುಗು ಹತ್ತಿರ ಬರುವ ಮೊದಲೇ ಅಡಾಪ್ಟರ್ ಕಿತ್ತಿಡಿ, ಲ್ಯಾನ್ ವೈರನ್ನೂ ಕಿತ್ತಿಡಿ.

ಮನೆಯ ವೈಫೈಗೆ ಸಾಮಾನ್ಯವಾಗಿ ಎರಡು ಅಲೆ ಇರುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಎರಡನೆಯದರಲ್ಲಿ ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು ಕಡಿಮೆ. ಮೊದಲನೆಯದು ಇದರ ಉಲ್ಟಾ. ಕುಮಟಾ, ಹೊನ್ನಾವರ ಕಡೆ ಹಳೆ ಮನೆಗಳ ಚಿರೆಕಲ್ಲಿನ ಗೋಡೆ ಎಷ್ಟು ದಪ್ಪ ಅಂತ ಗೊತ್ತಲ್ಲ, ಎರಡು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಮುಗಿದೇ ಹೋಗಿರುತ್ತದೆ. ಜಗುಲಿಯಲ್ಲಿ ಡಬ್ಬಿ, ಒಳಕೋಣೆಯಲ್ಲಿ ಮಗಳ ಆಫೀಸ್ ಕೆಲಸ. ಅಲ್ಲಿಗೆ ಜಾಸ್ತಿ ಸ್ಪೀಡಿನ ಪ್ಲಾನ್ ಹಾಕಿಸಿದರೆ ಏನು ಪ್ರಯೋಜನ? ಒಂದು ಲ್ಯಾನ್ ಕೇಬಲ್ ಎಳೆದು ಒಳಗೆ ಇನ್ನೊಂದು ವೈಫೈ ಇಡಬೇಕು. ತಾಮ್ರದ ಆ ಕೇಬಲಿಗೆ 100 ಮೀಟರ್ ಮಿತಿ. ಮನೆಯಿಂದ ತೋಟದಾಚೆಯ ಕೊಟ್ಟಿಗೆಗೆ ಅದಕ್ಕಿಂತ ದೂರ ಇದ್ದರೆ ಫೈಬರೇ ಬೇಕು.

ಸ್ಪೀಡ್ ಅಂದೆನಲ್ಲ, ಜಗಳ ಜಾಸ್ತಿ ಬರುವುದು ಇದರಲ್ಲೇ. 100 ಎಂಬಿಪಿಎಸ್ ಪ್ಲಾನ್ ತಗೊಂಡವರು ಡೌನ್‌ಲೋಡ್ ಮಾಡುವಾಗ 12 ಅಂತ ತೋರಿಸಿದರೆ ಮೋಸ ಆಯ್ತು ಅಂತ ಫೋನ್ ಮಾಡುತ್ತಾರೆ. ಪ್ಲಾನಿನಲ್ಲಿ ಇರುವುದು ಮೆಗಾಬಿಟ್, ಕಂಪ್ಯೂಟರ್ ತೋರಿಸುವುದು ಮೆಗಾಬೈಟ್. 8 ಬಿಟ್ ಸೇರಿದರೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ, ಅಷ್ಟೇ.

ಆದರೆ ವೀಡಿಯೋ ಕಾಲ್ ಸಿಕ್ಕಿಹಾಕಿಕೊಳ್ಳುವುದಕ್ಕೂ ಸ್ಪೀಡಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಲೇಟೆನ್ಸಿ, ಅಂದರೆ ಇಲ್ಲಿಂದ ಹೋದದ್ದಕ್ಕೆ ಉತ್ತರ ವಾಪಸ್ ಬರಲು ಹಿಡಿಯುವ ಸಮಯ. ಕಂಪ್ಯೂಟರಿನಲ್ಲಿ ಪಿಂಗ್ ಅನ್ನುವ ಕಮಾಂಡ್ ಹೊಡೆದರೆ ಅದನ್ನು ಮಿಲಿಸೆಕೆಂಡಿನಲ್ಲಿ ತೋರಿಸುತ್ತದೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನ ತನಕ 400 ಕಿಲೋಮೀಟರ್ ಅಂತ ಇಟ್ಟುಕೊಂಡರೆ ಹೋಗಿ ಬರಲು 4 ಮಿಲಿಸೆಕೆಂಡ್, ನಡುವಿನ ಯಂತ್ರಗಳು ಅದಕ್ಕೆ ಇನ್ನಷ್ಟು ಸೇರಿಸುತ್ತವೆ. ಡಿಶ್ ಮೇಲೆ ಓಡುವ ಹಳ್ಳಿಯ ಬ್ಯಾಂಕ್ ಶಾಖೆಯಲ್ಲಿ ಬೇರೆ ಕಥೆ. ಭೂಸ್ಥಿರ ಉಪಗ್ರಹ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿದೆ. ಪ್ರಶ್ನೆ ಮೇಲೆ ಹೋಗಿ ಕೆಳಗೆ ಬಂದು, ಉತ್ತರ ಮತ್ತೆ ಮೇಲೆ ಹೋಗಿ ಕೆಳಗೆ ಬರಲು ಬೆಳಕಿನ ವೇಗದಲ್ಲೂ ಅರ್ಧ ಸೆಕೆಂಡಿನ ಹತ್ತಿರ ಬೇಕು. ಕೌಂಟರಿನಲ್ಲಿ ಕೂತವರು ಬೇಕಂತ ತಡ ಮಾಡುತ್ತಿಲ್ಲ.

ಇನ್ನು ಐಪಿ ಅಡ್ರೆಸ್. ನೆಟ್‌ವರ್ಕಿನಲ್ಲಿ ಒಂದು ಸಾಧನ ಎಲ್ಲಿದೆ ಅಂತ ಹೇಳುವ ಸಂಖ್ಯೆ. ಅದು ಇಲ್ಲದಿದ್ದರೆ ಉತ್ತರ ಎಲ್ಲಿಗೆ ಕಳಿಸಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಫೋನ್ ವೈಫೈಗೆ ಸೇರಿದ ಕೂಡಲೇ ರೂಟರ್ ಅದಕ್ಕೊಂದು ಸಂಖ್ಯೆ ಕೊಡುತ್ತದೆ, ಹಾಗೆ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಅಂತ ಹೆಸರು. ಇದರದ್ದು ಒಂದು ವಿಚಿತ್ರ ತೊಂದರೆ ನೋಡಿದ್ದು ಒಂದು ಸಹಕಾರಿ ಸಂಘದ ಆಫೀಸಿನಲ್ಲಿ. ಬೆಳಿಗ್ಗೆ ಬಂದು ಕಂಪ್ಯೂಟರ್ ಆನ್ ಮಾಡಿದರೆ ಕೆಲವಕ್ಕೆ ನೆಟ್ ಇದೆ, ಕೆಲವಕ್ಕೆ ಇಲ್ಲ. ಮರುದಿನ ಇದ್ದದ್ದಕ್ಕೆ ಇಲ್ಲ, ಇಲ್ಲದ್ದಕ್ಕೆ ಇದೆ. ಪ್ರಿಂಟರ್ ಅಂತೂ ಅರ್ಧ ಜನರಿಗೆ ಸಿಗುವುದೇ ಇಲ್ಲ. ಅಡಿಕೆ ವ್ಯಾಪಾರದ ಹೊತ್ತು, ರೈತರು ಬಿಲ್ಲಿಗೆ ಕಾಯುತ್ತಾ ನಿಂತಿದ್ದರು. ಎರಡು ಕಂಪ್ಯೂಟರಿನಲ್ಲಿ ಐಪಿ ಸಂಖ್ಯೆ ತೋರಿಸುವ ಐಪಿಕಾನ್ಫಿಗ್ ಕಮಾಂಡ್ ಹೊಡೆದು ಪಕ್ಕಪಕ್ಕ ನೋಡಿದೆ. ಒಂದರಲ್ಲಿ 192.168.1 ಅಂತ ಶುರು, ಇನ್ನೊಂದರಲ್ಲಿ 192.168.0. ಅಂದರೆ ಸಂಖ್ಯೆ ಹಂಚುವವರು ಇಬ್ಬರಿದ್ದಾರೆ! ಹುಡುಕಿದರೆ ಮೇಜಿನ ಕೆಳಗೆ ಹಳೆಯದೊಂದು ವೈಫೈ ಡಬ್ಬಿ. ಕೇಬಲ್ ಸಿಕ್ಕಿಸುವ ಪೋರ್ಟ್ ಸಾಕಾಗಲಿಲ್ಲ ಅಂತ ಯಾರೋ ಅದನ್ನು ಸ್ವಿಚ್ಚಿಗೆ, ಅಂದರೆ ಆಫೀಸಿನ ಲ್ಯಾನ್ ಕೇಬಲ್ ಎಲ್ಲ ಒಂದೆಡೆ ಸೇರುವ ಡಬ್ಬಿಗೆ, ಸಿಕ್ಕಿಸಿದ್ದರು. ಕಂಪ್ಯೂಟರ್ "ನನಗೊಂದು ಸಂಖ್ಯೆ ಕೊಡಿ" ಅಂತ ಕೂಗಿದಾಗ ಯಾರ ಉತ್ತರ ಮೊದಲು ಬರುತ್ತದೋ ಸಾಮಾನ್ಯವಾಗಿ ಅದನ್ನೇ ಹಿಡಿಯುತ್ತದೆ. ಹಳೆ ಡಬ್ಬಿಯ ಉತ್ತರ ಹಿಡಿದವು ಹೊರಗಿನ ದಾರಿ ಅಂತ ಆ ಹಳೆ ಡಬ್ಬಿಯನ್ನೇ ನಂಬಿದವು, ಅದಕ್ಕೆ ಹೊರಗೆ ಲೈನೇ ಇಲ್ಲ. ಅದರಲ್ಲಿ ಡಿಎಚ್‌ಸಿಪಿ ಆಫ್ ಮಾಡಿ, ಕಂಪ್ಯೂಟರುಗಳನ್ನು ಒಮ್ಮೆ ರೀಸ್ಟಾರ್ಟ್ ಮಾಡಿಸಿದೆ. ಪ್ರಿಂಟರ್ ಬಿಲ್ಲು ಉಗುಳಲು ಶುರು ಮಾಡಿತು. ಸಂಖ್ಯೆ 169.254 ಅಂತ ಶುರುವಾಗಿದ್ದರೆ ಅರ್ಥ ಬೇರೆ: ಕೂಗಿದರೂ ಯಾರೂ ಉತ್ತರ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದು ಸಂಖ್ಯೆ ಹಾಕಿಕೊಂಡಿದೆ. ಆಗ ಕೇಬಲ್, ಸ್ವಿಚ್ಚು ನೋಡಬೇಕು.

ಡಿಎನ್‌ಎಸ್ ಅಂದರೆ ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ಐಪಿ ಸಂಖ್ಯೆ ಹುಡುಕಿ ಕೊಡುವ ವ್ಯವಸ್ಥೆ. ಇದನ್ನು 1983ರಲ್ಲಿ ರೂಪಿಸಿದವರು ಪಾಲ್ ಮೊಕಪೆಟ್ರಿಸ್. ಅದಕ್ಕೂ ಮೊದಲು ಹೆಸರುಗಳ ಪಟ್ಟಿಯ ಒಂದು ಫೈಲ್ ಇಟ್ಟುಕೊಂಡು ಎಲ್ಲರೂ ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದರು. ಡಿಎನ್‌ಎಸ್ ನಿಂತರೆ ಲೈನ್ ಸರಿ ಇರುತ್ತದೆ, ದೀಪ ಹಸಿರು ಇರುತ್ತದೆ, ಸೈಟ್ ಮಾತ್ರ ತೆರೆಯುವುದಿಲ್ಲ. ಪತ್ತೆ ಸುಲಭ. ಗೂಗಲಿನ ಸರ್ವರಿನ ಸಂಖ್ಯೆ 8.8.8.8ಕ್ಕೆ ಪಿಂಗ್ ಹೋಗುತ್ತದೆ, ಹೆಸರು ಕೊಟ್ಟರೆ ಹೋಗುವುದಿಲ್ಲ ಅಂತಾದರೆ ತಪ್ಪು ಅಲ್ಲೇ. ರೂಟರಿನಲ್ಲಿ ಡಿಎನ್‌ಎಸ್ ಸಂಖ್ಯೆ ಬದಲಾಯಿಸುವುದನ್ನು ಫೋನಿನಲ್ಲೇ ಹೇಳಿ ಮಾಡಿಸಬಹುದು.

ಕೊನೆಗೆ ಕ್ಯಾಮೆರಾ. ಅಡಿಕೆ ಒಣಗುವ ಅಂಗಳಕ್ಕೆ ಸಿಸಿಟಿವಿ ಹಾಕಿ, ಬೆಂಗಳೂರಿನಲ್ಲಿರುವ ಮಗನಿಗೆ ಫೋನಿನಲ್ಲಿ ಕಾಣಬೇಕು ಅಂತ ಈಗ ತುಂಬ ಜನ ಕೇಳುತ್ತಾರೆ. ಮನೆಯೊಳಗೆ ಕಾಣುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಯಾಕೆ ಅಂದರೆ 192.168 ಅಂತ ಶುರುವಾಗುವ ಸಂಖ್ಯೆ ಮನೆಯೊಳಗಿನ ಬಳಕೆಗೆ ಮೀಸಲು, ಹೊರಗೆ ನಡೆಯುವುದಿಲ್ಲ. ಹಳೆ ಪದ್ಧತಿಯ ಐಪಿ ಸಂಖ್ಯೆಗಳು ಒಟ್ಟು ಸುಮಾರು 430 ಕೋಟಿ ಮಾತ್ರ, ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಹಾಗಾಗಿ ಮನೆಯ ಎಲ್ಲ ಸಾಧನಗಳೂ ಒಂದೇ ಹೊರಗಿನ ಸಂಖ್ಯೆಯನ್ನು ಹಂಚಿಕೊಳ್ಳುತ್ತವೆ, ಆ ಹಂಚಿಕೆಗೆ ನ್ಯಾಟ್ ಅನ್ನುತ್ತಾರೆ. ಕೂಡುಕುಟುಂಬಕ್ಕೆ ಮನೆ ಹೆಸರಿನ ಮೇಲೆ ಟಪಾಲು ಬಂದ ಹಾಗೆ. ಒಳಗೆ ಯಾರದ್ದು ಅಂತ ಯಜಮಾನ ನೋಡಿ ಕೊಡಬೇಕು. ಹೊರಗಿನಿಂದ ತಾನಾಗಿ ಬಂದದ್ದು ಕ್ಯಾಮೆರಾಕ್ಕೆ ಅಂತ ರೂಟರಿಗೆ ಮೊದಲೇ ಹೇಳಿಟ್ಟರೆ ಅದು ಪೋರ್ಟ್ ಫಾರ್ವರ್ಡಿಂಗ್. ಆದರೆ ಈಗ ಎಷ್ಟೋ ಕಂಪನಿಗಳು ಒಂದೇ ಸಂಖ್ಯೆಯನ್ನು ಹಲವು ಮನೆಗಳಿಗೆ ಹಂಚುತ್ತವೆ. ರೂಟರಿನ ಹೊರಗಿನ ಸಂಖ್ಯೆ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಅದೇ ಗುರುತು. ಅಲ್ಲಿ ನಿಮ್ಮ ರೂಟರಿನಲ್ಲಿ ಏನು ಬದಲಾಯಿಸಿದರೂ ನಡೆಯುವುದಿಲ್ಲ. ನಿಮ್ಮ ಮನೆಗೇ ಮೀಸಲಾದ ಸ್ಥಿರ ಐಪಿಗೆ ಬೇರೆ ದುಡ್ಡು ಕೊಡಬೇಕು, ಇಲ್ಲವಾದರೆ ತಾನೇ ಹೊರಗಿನ ಸರ್ವರಿಗೆ ಸಂಪರ್ಕ ಮಾಡುವ ಕ್ಯಾಮೆರಾ ಕೊಳ್ಳಬೇಕು. ಇದನ್ನು ಅಂಗಡಿಗೆ ಹೋಗುವ ಮೊದಲೇ ಕೇಳಿಕೊಳ್ಳಿ.

ಹೀಗೆ ಪೋರ್ಟ್ ಫಾರ್ವರ್ಡಿಂಗ್ ಮಾಡಿ ದಾರಿ ತೆರೆದರೆ ಮಗನಿಗೆ ಮಾತ್ರ ತೆರೆದ ಹಾಗಲ್ಲ, ಊರಿಗೆಲ್ಲ ತೆರೆದ ಹಾಗೆ. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರುಗಳ ಒಳಗೆ ನುಗ್ಗಿ, ಅವುಗಳಿಂದಲೇ ದೊಡ್ಡ ದೊಡ್ಡ ಸೈಟುಗಳ ಮೇಲೆ ದಾಳಿ ಮಾಡಿಸಿತ್ತು. ಹಾಗಾಗಿ ಕ್ಯಾಮೆರಾ ಕೂರಿಸಿದ ದಿನವೇ ಪಾಸ್‌ವರ್ಡ್ ಬದಲಾಯಿಸಿ, ಮನೆಯವರ ಕೈಯಲ್ಲೇ ಅದನ್ನು ಬರೆಸಿಟ್ಟು, ಆಮೇಲೆ ನಾನು ಹೊರಡುತ್ತೇನೆ.