ಖರನ ಹತ್ತಿರ ನಿಂತುಹೋದ ರಾಮರಕ್ಷೆ

ಕಳೆದ ಆಟಿ ತಿಂಗಳ ಒಂದು ಸಂಜೆ. ಕರೆಂಟು ಮಧ್ಯಾಹ್ನವೇ ಹೋಗಿತ್ತು. ಕಾಸರಗೋಡಿನ ಕುಂಬಳೆ ಕಡೆಯ ಮಳೆಗಾಲದಲ್ಲಿ ಇದೇನೂ ಹೊಸದಲ್ಲ ಬಿಡಿ. ತೋಟದಾಚೆಯ ಮಲಯಾಳಿ ಮನೆಯಲ್ಲಿ ಕರ್ಕಾಟಕ ಮಾಸದ ಪಾರಾಯಣ ನಡೆದಿತ್ತು. ಮಳೆ ಸ್ವಲ್ಪ ತಗ್ಗಿದಾಗೆಲ್ಲ ಮಲಯಾಳಂ ಕವಿ ಎಳುತ್ತಚ್ಛನ ರಾಮಾಯಣದ ಎರಡು ಸಾಲು ನಮ್ಮ ಜಗಲಿಗೂ ಬರುತ್ತಿತ್ತು.

ನಮ್ಮಲ್ಲಿ ಅತ್ತೆಯ ರಾಮರಕ್ಷಾ ಸ್ತೋತ್ರ. ಮೈಯ ಒಂದೊಂದು ಅಂಗವನ್ನೂ ರಾಮ ಒಂದೊಂದು ಹೆಸರಲ್ಲಿ ಕಾಯಲಿ ಎನ್ನುವ ಪ್ರಾರ್ಥನೆ ಅದು. ಮಂಡಿ ನೋವು ಶುರುವಾದ ಮೇಲೆ ಅವರು ಮಣೆ ಬಿಟ್ಟು ಪ್ಲಾಸ್ಟಿಕ್ ಕುರ್ಚಿ ಹಿಡಿದಿದ್ದಾರೆ. 38 ಶ್ಲೋಕ, ಪುಸ್ತಕ ಇಲ್ಲದೆ. ನಾನು ಬತ್ತಿ ಹೊಸೆಯುತ್ತಾ ಅವರ ಹಿಂದೆ ಹೇಳಿಕೊಂಡು ಹೋಗುವವಳು. 18 ವರ್ಷದಿಂದ ಹೀಗೆಯೇ.

'ಹೃದಯಂ ಜಾಮದಗ್ನ್ಯಜಿತ್' ಅಂದವರು ನಿಂತರು. ಮುಂದಿನದು ಬರಲಿಲ್ಲ. ಮತ್ತೆ 'ಶಿರೋ ಮೇ ರಾಘವಃ ಪಾತು' ಎಂದು ತಲೆಯಿಂದ ಹಿಡಿದರು. ಎದೆಗೆ ಬಂದು ಮತ್ತೆ ನಿಂತರು. ಬಾಯಿಪಾಠದ ಗತಿಯೇ ಇಷ್ಟು, ನಡುವಿನಿಂದ ಹಿಡಿಯಲು ಬರುವುದಿಲ್ಲ. ತಮಾಷೆಯೆಂದರೆ ಅವರು ನಿಂತದ್ದೇ ತಡ, ಮುಂದಿನದು ನನಗೂ ಮರೆತಿತ್ತು.

"ಪುಸ್ತಕ ತರ್ಲಾ ಅತ್ತೆ?"

"ಬೇಡ. ಬುಧಕೌಶಿಕ ಋಷಿ ಕನಸಲ್ಲಿ ಶಿವ ಹೇಳಿದ ಈ ಸ್ತೋತ್ರವನ್ನ ಬೆಳಿಗ್ಗೆ ಎದ್ದು ಪೂರಾ ಬರೆದನಂತೆ. ನನಗೆ ಕಣ್ಣು ಬಿಟ್ಟುಕೊಂಡು ಹೇಳಿದ್ದೂ ನೆನಪಿಲ್ಲ!"

ಮಗಳು ಒಂಬತ್ತನೇ ಕ್ಲಾಸು. ನೆಟ್‌ವರ್ಕ್ ಇಲ್ಲದ ಫೋನು ಹಿಡಿದು ಸುಮ್ನೆ ಕೂತಿದ್ದವಳು ಕೇಳಿದಳು, "ಅಜ್ಜಿ, ಜಾಮದಗ್ನ್ಯ ಅಂದ್ರೆ ಯಾರು?"

"ಪರಶುರಾಮ."

"ಅಂದ್ರೆ ಮದುವೆ ಆಗಿ ವಾಪಸ್ ಬರುವಾಗ. ಆಮೇಲೆ ಕಾಡು. ಶೂರ್ಪನಖಿ. ಆಮೇಲೆ ಖರ ದೂಷಣ!"

"ಮಧ್ಯಂ ಪಾತು ಖರಧ್ವಂಸೀ!" ಅತ್ತೆ ಕುರ್ಚಿಯಲ್ಲೇ ನೆಟ್ಟಗಾದರು. ಖರನನ್ನು ಕೊಂದವ ನಡುವನ್ನು ಕಾಯಲಿ ಎಂದು.

ಇವಳಿಗೆ ಸಂಸ್ಕೃತ ಬಾರದು. ಕನ್ನಡ ಓದುವುದೂ ತಡವರಿಸಿಕೊಂಡೇ. ಆದರೆ ಯಕ್ಷಗಾನದ ಆಟ ನೋಡುತ್ತಾಳೆ. ಪ್ರಸಂಗ ಬರೆದ ಪಾರ್ತಿಸುಬ್ಬನ ಊರಲ್ಲಿ ಹುಟ್ಟಿದ ಮೇಲೆ ಅವನ ಪಂಚವಟಿ ಪ್ರಸಂಗ ನೋಡದೆ ಇರುವುದು ಹೇಗೆ?

ಆ ರಾತ್ರಿ ನಾನು ಮಲಗಿ ಲೆಕ್ಕ ಹಾಕಿದೆ. ಹಣೆಗೆ ದಶರಥನ ಮಗ, ಕಣ್ಣಿಗೆ ಕೌಸಲ್ಯೆಯ ಮಗ, ಕಿವಿಗೆ ವಿಶ್ವಾಮಿತ್ರನ ಪ್ರೀತಿಯವ, ಮೂಗಿಗೆ ಯಜ್ಞ ಕಾಯ್ದವ. ತೋಳಿಗೆ ಬಿಲ್ಲು ಮುರಿದವ. ಕೈಗೆ ಸೀತಾಪತಿ, ಕೈ ಹಿಡಿದವನಲ್ವಾ! ಸೊಂಟಕ್ಕೆ ಸುಗ್ರೀವನ ಒಡೆಯ, ಮಂಡಿಗೆ ಸೇತುವೆ ಕಟ್ಟಿದವ, ಅದರ ಕೆಳಗೆ ರಾವಣನನ್ನು ಕೊಂದವ, ಪಾದಕ್ಕೆ ವಿಭೀಷಣನಿಗೆ ರಾಜ್ಯ ಕೊಟ್ಟವ. ರಾಮಾಯಣ ತಲೆಯಿಂದ ಪಾದಕ್ಕೆ ಇಳಿಯುತ್ತದೆ. ಭರತನಂತೂ ಸ್ವಲ್ಪ ಅವಸರ ಮಾಡಿ ಬಿಲ್ಲು ಮುರಿಯುವ ಮೊದಲೇ ಕಂಠಕ್ಕೆ ಬಂದುಬಿಡುತ್ತಾನೆ. ಇಷ್ಟು ವರ್ಷ ದಿನಾ ಹೇಳಿಯೂ ನನಗಿದು ಕಂಡಿರಲಿಲ್ಲ. ನನ್ನ ಗಮನ ಜಾಸ್ತಿ ಇದ್ದದ್ದು ಒಲೆಯ ಮೇಲಿನ ಅನ್ನದ ಕಡೆ.

ಮರುದಿನ ಅತ್ತೆಗೆ ಹೇಳಿದೆ. ಅವರು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. "ಹಾಗಾದ್ರೆ ಆ ಸೇತುವೆಯವ ನನ್ನ ಮಂಡಿಗೆ ಇನ್ನೂ ಕಲ್ಲೇ ತಂದಿಲ್ಲ ಮಾರಾಯ್ತಿ" ಅಂದರು.

ಈಗಲೂ ವಾರಕ್ಕೊಮ್ಮೆಯಾದರೂ ಅದೇ ಜಾಗದಲ್ಲಿ ನಿಲ್ಲುತ್ತಾರೆ. ಒಳಗಿನ ಕೋಣೆಯಿಂದ ಮಗಳ ಕೂಗು ಬರುತ್ತದೆ: "ಅಜ್ಜೀ, ಖರ!"